ಶಕ್ತಿ ಏರಿಸಿದ ಗಾಡಿಗೆ ಯಾವ ಗೇರ್ ಆಯಿಲ್?

ಶಿಕಾರಿಪುರ, ಸೊರಬದ ಕಡೆ ಎಂಜಿನ್ ಆಯಿಲ್ ಬದಲಿಸುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಗೇರ್‌ಬಾಕ್ಸಿನೊಳಗಿನ ಆಯಿಲಿನ ಮಾತು ಬರುವುದು ಗಾಡಿ ಕೈಕೊಟ್ಟ ಮೇಲೆಯೇ. ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಕಾರುಗಳು ಈಗ ಸಣ್ಣ ಊರುಗಳಿಗೂ ಬಂದಿವೆ. ಅವುಗಳಲ್ಲಿ ಕೆಲವಕ್ಕೆ ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿ, ಅಂದರೆ ರಿಮ್ಯಾಪ್ ಮಾಡಿಸಿ, ಶಕ್ತಿ ಏರಿಸಿಕೊಳ್ಳುವವರೂ ಇದ್ದಾರೆ. ಹಾಗೆ ಏರಿಸಿದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಗೇರ್‌ಬಾಕ್ಸಿಗೂ ಇನ್ನಷ್ಟು ಗಟ್ಟಿಯಾದ, ಇನ್ನಷ್ಟು ದುಬಾರಿಯಾದ, ‘ರೇಸಿಂಗ್’ ಎಂದು ಬರೆದ ಆಯಿಲ್ ಹಾಕಬೇಡವೇ? ಈ ಪ್ರಶ್ನೆಯೇ ದಾರಿ ತಪ್ಪಿದೆ ಎಂಬುದು ನನ್ನ ವಾದ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ನಿರ್ಧರಿಸುವುದು ಎಂಜಿನ್ನಿನ ಶಕ್ತಿಯಲ್ಲ, ಆ ಪೆಟ್ಟಿಗೆಯೊಳಗೆ ಒಂದನ್ನೊಂದು ಹಿಡಿಯುವ ಪ್ಲೇಟುಗಳು. ಶಕ್ತಿ ಏರಿದಾಗ ಬದಲಾಗಬೇಕಾದದ್ದು ಹೆಚ್ಚಿನ ಸಂದರ್ಭಗಳಲ್ಲಿ ಆಯಿಲಿನ ಜಾತಿಯಲ್ಲ. ಅದನ್ನು ತಣ್ಣಗಿಡುವ ವ್ಯವಸ್ಥೆ ಮತ್ತು ಅದನ್ನು ಬದಲಿಸುವ ಅವಧಿ. ಈ ಮಾತಿಗೆ ಪುರಾವೆ ಹುಡುಕಲು ರೇಸ್ ಟ್ರ್ಯಾಕಿಗೆ ಹೋಗಬೇಕಿಲ್ಲ. ಆಯಿಲ್ ಬ್ರೇಕಿನ ಟ್ರ್ಯಾಕ್ಟರು ಅದೇ ಪಾಠವನ್ನು ಇಲ್ಲಿನ ಗದ್ದೆಗಳಲ್ಲೇ ಹೇಳುತ್ತಿದೆ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ‘ಆಟೋಮ್ಯಾಟಿಕ್’ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಜನಪ್ರಿಯವಾದ ಎಎಂಟಿ ಹೆಸರಿಗಷ್ಟೇ ಆಟೋಮ್ಯಾಟಿಕ್. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸು ಮತ್ತು ಒಣ ಕ್ಲಚ್ಚು, ಅವನ್ನು ಒತ್ತುವ ಕಾಲಿನ ಮತ್ತು ಕೈಯ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಹಾಗಾಗಿ ಅದಕ್ಕೆ ಬೇಕಾದದ್ದು ಮ್ಯಾನ್ಯುವಲ್ ಗೇರ್ ಆಯಿಲೇ ಹೊರತು ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಅಲ್ಲ. ಹೋಂಡಾ ಸಿಟಿಯಂಥ ಕಾರುಗಳ ಸಿವಿಟಿಯಲ್ಲಿ ಉಕ್ಕಿನ ಪಟ್ಟಿಯೊಂದು ಎರಡು ರಾಟೆಗಳ ನಡುವೆ ಬಿಗಿದು ತಿರುಗುತ್ತದೆ. ಅಲ್ಲಿ ಲೋಹ ಲೋಹವನ್ನು ಜಾರದೆ ಹಿಡಿಯಬೇಕು, ಅದಕ್ಕೆ ಹೋಂಡಾ ಎಚ್‌ಸಿಎಫ್-2 ಎಂಬ ಪ್ರತ್ಯೇಕ ದ್ರವವನ್ನೇ ಗೊತ್ತುಮಾಡಿದೆ. ಸಾಧಾರಣ ಎಟಿಎಫ್ ಸುರಿದರೆ ಪಟ್ಟಿ ಜಾರಿ ರಾಟೆಯ ಮೈಯನ್ನೇ ಗೀರುತ್ತದೆ. ಮೂರನೆಯದು ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಡಿಎಸ್‌ಜಿಯಂಥ ಜೋಡಿ ಕ್ಲಚ್ಚಿನ ಪೆಟ್ಟಿಗೆ. ನಾಲ್ಕನೆಯದು ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಥಾರ್, ಸ್ಕಾರ್ಪಿಯೊ-ಎನ್‌ಗಳಲ್ಲಿರುವ, ಎಂಜಿನ್ನಿನ ಬಲವನ್ನು ದ್ರವದ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಹೊತ್ತ ಆರು ಗೇರಿನ ಪೆಟ್ಟಿಗೆ. ಎಟಿಎಫ್ ಎಂಬ ಹೆಸರಿಗೆ ನಿಜವಾದ ವಾರಸುದಾರ ಇದೇ. ಕೆಂಪು ಬಣ್ಣ ಆಯಿಲಿನ ಗುಣವಲ್ಲ, ಸೋರಿಕೆ ಕಂಡುಹಿಡಿಯಲು ಬೆರೆಸಿದ ಬಣ್ಣ ಅಷ್ಟೆ. ಒಂದೇ ಬಣ್ಣದ ಎರಡು ಡಬ್ಬಿಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ದ್ರವಗಳಿರಬಹುದು.

ಎಟಿಎಫ್‌ನ ಚರಿತ್ರೆಯನ್ನು ನೋಡಿದರೆ ಅದರ ಮುಖ್ಯ ಕೆಲಸ ಜಾರಿಸುವುದಲ್ಲ, ಎಷ್ಟು ಜಾರಬೇಕೋ ಅಷ್ಟಕ್ಕೇ ಹಿಡಿದು ನಿಲ್ಲಿಸುವುದು ಎಂಬುದು ತಿಳಿಯುತ್ತದೆ. ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳೊಂದಿಗೆ ಹೈಡ್ರಮ್ಯಾಟಿಕ್ ಗೇರ್‌ಬಾಕ್ಸ್ ಮಾರುಕಟ್ಟೆಗೆ ಬಂತು. 1949ರಲ್ಲಿ ಜನರಲ್ ಮೋಟಾರ್ಸ್ ‘ಟೈಪ್ ಎ’ ಎಂಬ ಮೊದಲ ಮಾನದಂಡ ಬರೆಯಿತು, 1967ರ ಹೊತ್ತಿಗೆ ಡೆಕ್ಸ್‌ರಾನ್ ಬಂತು. ಪ್ಲೇಟುಗಳು ಮೆತ್ತಗೆ ಕೂಡಿಕೊಳ್ಳಲೆಂದು ಆ ಕಾಲದ ದ್ರವಗಳಿಗೆ ಬೆರೆಸುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. 1970ರ ಆಸುಪಾಸಿನಲ್ಲಿ ಆ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿ ಎಂದು ಸಾರಿ ಅಮೆರಿಕ ಎಣ್ಣೆಯ ಆಮದನ್ನು ತಡೆದಾಗ ರಸಾಯನ ತಜ್ಞರು ಬದಲಿ ಹುಡುಕಬೇಕಾಯಿತು. 1973ರ ಡೆಕ್ಸ್‌ರಾನ್-2 ಆ ಹುಡುಕಾಟದ ಫಲ. ಇತ್ತ ಫೋರ್ಡ್ ಕಂಪನಿಯ ‘ಟೈಪ್ ಎಫ್’ ದ್ರವದಲ್ಲಿ ಅಂಥ ಮೃದುಕಾರಕವೇ ಇರಲಿಲ್ಲ. ಅದು ಪ್ಲೇಟುಗಳನ್ನು ಗಕ್ಕನೆ ಹಿಡಿಸುತ್ತಿತ್ತು. ಅದೇ ಕಾರಣಕ್ಕೆ ಅಮೆರಿಕದ ರೇಸಿನವರು ಬೇರೆ ಕಂಪನಿಯ ಪೆಟ್ಟಿಗೆಗೂ ಟೈಪ್ ಎಫ್ ಸುರಿಯುವುದನ್ನು ರೂಢಿ ಮಾಡಿಕೊಂಡರು. ರೇಸಿಂಗ್ ಆಯಿಲ್ ಎಂಬ ನಂಬಿಕೆಯ ಬೇರು ಇಲ್ಲಿದೆ. ಆದರೆ ಆ ಕಾಲದ ಕ್ಲಚ್ಚು ಹಿಡಿದರೆ ಪೂರ್ತಿ ಹಿಡಿಯುತ್ತಿತ್ತು, ಬಿಟ್ಟರೆ ಪೂರ್ತಿ ಬಿಡುತ್ತಿತ್ತು. ಇಂದಿನ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ಚನ್ನು ಕಂಪ್ಯೂಟರು ಬೇಕೆಂದೇ ಸ್ವಲ್ಪ ಜಾರಿಸುತ್ತಾ ಓಡಿಸುತ್ತದೆ. ಜಾರುವ ವೇಗ ಕಡಿಮೆಯಾದಂತೆ ಹಿಡಿತ ಹೆಚ್ಚುವ ದ್ರವವನ್ನು ಅಲ್ಲಿ ಹಾಕಿದರೆ ಪ್ಲೇಟು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಗಾಡಿ ಅದುರುತ್ತದೆ. ಹಳೆಯ ರೇಸಿನವರಿಗೆ ವರವಾಗಿದ್ದ ಗುಣವೇ ಹೊಸ ಪೆಟ್ಟಿಗೆಗೆ ರೋಗ.

ಹಾಗಿದ್ದರೆ ಎಂಜಿನ್ನಿನ ತಿರುಚುಬಲ, ಅಂದರೆ ಟಾರ್ಕ್, ಏರಿದಾಗ ಏನಾಗುತ್ತದೆ? ಕ್ಲಚ್ ಪ್ಯಾಕು, ಅಂದರೆ ಆ ಪ್ಲೇಟುಗಳ ಕಟ್ಟು, ಎಷ್ಟು ಬಲ ತಡೆದೀತು ಎಂಬುದು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಪ್ಲೇಟುಗಳ ಮೈಗಳೆಷ್ಟು, ಅವುಗಳ ಅಗಲವೆಷ್ಟು, ಅವನ್ನು ಒತ್ತುವ ಹೈಡ್ರಾಲಿಕ್ ಒತ್ತಡವೆಷ್ಟು, ಆಯಿಲಿನಲ್ಲಿ ಮುಳುಗಿದ ಮೈಗಳ ಘರ್ಷಣಾಂಕವೆಷ್ಟು. ಮೊದಲಿನ ಎರಡನ್ನು ಪೆಟ್ಟಿಗೆ ಬಿಚ್ಚದೆ ಬದಲಿಸಲಾಗದು. ಆಯಿಲಿನ ಕೈಯಲ್ಲಿರುವುದು ನಾಲ್ಕನೆಯದು ಮಾತ್ರ, ಅದು ಸಾಮಾನ್ಯವಾಗಿ 0.1ರಿಂದ 0.15ರ ಆಸುಪಾಸಿನಲ್ಲೇ ಓಡಾಡುತ್ತದೆ. 250 ನ್ಯೂಟನ್ ಮೀಟರ್ ಟಾರ್ಕನ್ನು 320ಕ್ಕೆ ಏರಿಸಿದರೆ ಹೆಚ್ಚಳ ಶೇ 28. ಪೆಟ್ಟಿಗೆ ಬೇಡುವ ಮೆತ್ತನೆಯ ಕೂಡಿಕೆಯನ್ನು ಕೆಡಿಸದೆ ಇಷ್ಟನ್ನೂ ಬರೀ ಡಬ್ಬಿ ಬದಲಿಸಿ ತುಂಬಿಕೊಳ್ಳುವುದು ಆಗದ ಮಾತು. ಉಳಿದದ್ದು ಒತ್ತಡ. ಅದನ್ನು ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲೇ ತಿದ್ದಬೇಕು. ಪೆಟ್ಟಿಗೆಯ ಮಿತಿಯನ್ನು ಆಯಿಲ್ ಏರಿಸಲಾರದು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ. ಮ್ಯಾನ್ಯುವಲ್ ಪೆಟ್ಟಿಗೆಯೊಂದಿಗೆ 320 ನ್ಯೂಟನ್ ಮೀಟರ್ ಕೊಡುತ್ತಿದ್ದ ಎಂಜಿನ್ನನ್ನು ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿಗೆ ಜೋಡಿಸುವಾಗ ಕಂಪನಿಯೇ 250ಕ್ಕೆ ಇಳಿಸಿತು, ಏಕೆಂದರೆ ಡಿಕ್ಯೂ200 ಎಂಬ ಆ ಪೆಟ್ಟಿಗೆಯ ಮಿತಿಯೇ 250. ಅದರ ಕ್ಲಚ್ಚು ಆಯಿಲಿನಲ್ಲಿ ಮುಳುಗಿಯೇ ಇಲ್ಲ, ಆದ್ದರಿಂದ ಎಂಥ ಆಯಿಲ್ ತಂದರೂ ಆ ಮಿತಿ ಒಂದಿಷ್ಟೂ ಏರದು. 2017ರಲ್ಲಿ ಭಾರತಕ್ಕೆ ಬಂದ ಆಕ್ಟೇವಿಯಾ ಆರ್‌ಎಸ್‌ನಲ್ಲಿದ್ದದ್ದು ಆಯಿಲಿನಲ್ಲಿ ಮುಳುಗಿದ ಕ್ಲಚ್ಚುಗಳ ಡಿಕ್ಯೂ250. ಅಲ್ಲಿ ಆಯಿಲಿಗೆ ಪಾತ್ರವಿದೆ, ಆದರೆ ಅದು ಹಿಡಿತ ಏರಿಸುವ ಪಾತ್ರವಲ್ಲ; ಶಾಖ ಹೊತ್ತೊಯ್ಯುವ, ಸವೆದ ಪುಡಿಯನ್ನು ಫಿಲ್ಟರಿಗೆ ಮುಟ್ಟಿಸುವ ಪಾತ್ರ. ಆ ಪೆಟ್ಟಿಗೆಯ ಆಯಿಲನ್ನು 60,000 ಕಿ.ಮೀ.ಗೆ ಬದಲಿಸಬೇಕೆಂದು ಕಂಪನಿಯೇ ಹೇಳಿರುವುದು ಶಕ್ತಿ ಏರಿಸದ ಗಾಡಿಯ ಲೆಕ್ಕ.

ಈಗ ಟ್ರ್ಯಾಕ್ಟರಿಗೆ ಬರೋಣ. ನಮ್ಮ ಎರಡು ತಾಲ್ಲೂಕುಗಳಲ್ಲಿ ಅತಿ ಹೆಚ್ಚು ತಿದ್ದುಪಡಿಗೆ ಒಳಗಾಗುವ ಗಾಡಿ ಕಾರಲ್ಲ, ಟ್ರ್ಯಾಕ್ಟರು. ಡೀಸೆಲ್ ಪಂಪಿನ ಸೆಟ್ಟಿಂಗ್ ಏರಿಸುವುದು, ಮುಂದೆ ಲೋಡರ್ ಕೂರಿಸುವುದು, ಕಂಪನಿ ಹೇಳಿದ್ದಕ್ಕಿಂತ ಅಗಲದ ರೋಟವೇಟರ್ ಹಾಕುವುದು, ಮೆಕ್ಕೆಜೋಳದ ಸುಗ್ಗಿಯಲ್ಲಿ ಅಳತೆ ಮೀರಿದ ಹೊರೆಯ ಟ್ರೇಲರ್ ಎಳೆಯುವುದು, ಇವೆಲ್ಲ ಗೇರ್‌ಬಾಕ್ಸಿನ ಕಣ್ಣಿಗೆ ರಿಮ್ಯಾಪ್ ಇದ್ದಂತೆಯೇ. ಹಳೆಯ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಒಣಗಿರುತ್ತಿತ್ತು, ಆದ್ದರಿಂದ ಗೇರ್‌ಬಾಕ್ಸಿಗೆ 90 ನಂಬರಿನ ಗೇರ್ ಆಯಿಲ್ ಸುರಿದರೂ ನಡೆಯುತ್ತಿತ್ತು. ಪ್ಲೇಟುಗಳು ಆಯಿಲಿನಲ್ಲೇ ಮುಳುಗಿರುವ ಆಯಿಲ್ ಬ್ರೇಕು ಬಂದ ಮೇಲೆ ಹಲವು ಮಾದರಿಗಳಲ್ಲಿ ಒಂದೇ ಆಯಿಲಿಗೆ ನಾಲ್ಕು ಕೆಲಸ ಬಿತ್ತು: ಗೇರಿನ ಹಲ್ಲು ಕಾಯುವುದು, ಲಿಫ್ಟಿನ ಹೈಡ್ರಾಲಿಕ್ಕಿಗೆ ಬಲ ಕೊಡುವುದು, ಬೇರಿಂಗು ನೋಡಿಕೊಳ್ಳುವುದು, ಬ್ರೇಕಿನ ಪ್ಲೇಟುಗಳನ್ನು ಕಿರುಗುಟ್ಟದಂತೆ ಹಿಡಿಸುವುದು. ಇದಕ್ಕೆಂದೇ ಯುಟಿಟಿಒ ಎಂಬ ವರ್ಗದ ಆಯಿಲ್ ಹುಟ್ಟಿತು. ಜಾನ್ ಡಿಯರ್ ಕಂಪನಿಯ ಜೆ20ಸಿಯಂಥ ಮಾನದಂಡಗಳು ಬರೀ ದಪ್ಪ ಅಳೆಯುವುದಿಲ್ಲ, ಮುಳುಗಿದ ಬ್ರೇಕಿನ ಹಿಡಿತವನ್ನೂ ಸದ್ದನ್ನೂ ಪರೀಕ್ಷಿಸುತ್ತವೆ. ‘ದಪ್ಪ ಇದ್ದರೆ ಗಟ್ಟಿ’ ಎಂದು ಅಲ್ಲಿಗೆ 90 ನಂಬರ್ ಸುರಿದರೆ ಬ್ರೇಕು ಕಿರುಗುಟ್ಟುತ್ತದೆ, ತಣ್ಣನೆಯ ಬೆಳಗಿನಲ್ಲಿ ಲಿಫ್ಟು ತಡವಾಗಿ ಏಳುತ್ತದೆ. ಇನ್ನೂ ‘ಗಟ್ಟಿ’ ಎಂದು ಜಿಎಲ್-5 ವರ್ಗದ್ದನ್ನು ತಂದರೆ ಅದರಲ್ಲಿನ ಗಂಧಕ, ರಂಜಕದ ಸಂಯುಕ್ತಗಳು ಹಿತ್ತಾಳೆ, ಕಂಚಿನ ಬಿಡಿಭಾಗಗಳನ್ನು ತಿನ್ನಲೂಬಹುದು. ಟ್ರ್ಯಾಕ್ಟರಿಗೆ ಎಷ್ಟು ಹೊರೆ ಹೇರಿದರೂ ಬ್ರೇಕಿನ ಪ್ಲೇಟು ಕೇಳುವ ಆಯಿಲ್ ಅದೇ. ಹೊರೆ ಏರಿದ ಲೆಕ್ಕಕ್ಕೆ ಬದಲಿಸುವ ಗಂಟೆಗಳು ಕಡಿಮೆಯಾಗಬೇಕು, ಅಷ್ಟೆ.

ಶಾಖದ ಪ್ರಶ್ನೆಯನ್ನು ಅಂಕಿಗಳಲ್ಲಿ ನೋಡಿದರೆ ವಾದ ಇನ್ನೂ ಸ್ಪಷ್ಟವಾಗುತ್ತದೆ. ಶಿಕಾರಿಪುರ, ಸೊರಬದ ರಸ್ತೆಗಳು ಬಹುಪಾಲು ಸಮತಟ್ಟು ಇಲ್ಲವೇ ಸಣ್ಣ ಏರಿಳಿತದವು. ಆದರೆ ಕರಾವಳಿಗೆ ಹೊರಟ ಗಾಡಿ ಆಗುಂಬೆಯನ್ನೋ ಹುಲಿಕಲ್ಲನ್ನೋ ಗೇರುಸೊಪ್ಪೆಯ ಘಾಟಿಯನ್ನೋ ದೇವಿಮನೆಯನ್ನೋ ಇಳಿದು, ಹಿಂದಿರುಗುವಾಗ ಹತ್ತಲೇಬೇಕು. ಆಗುಂಬೆಯ 14 ತಿರುವುಗಳ ಏರನ್ನು ಸುಮಾರಾಗಿ 500 ಮೀಟರ್ ಎಂದಿಟ್ಟುಕೊಳ್ಳೋಣ. 1,600 ಕಿಲೊ ತೂಕದ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 78 ಲಕ್ಷ ಜೌಲ್. ತಿರುವುಗಳಲ್ಲಿ ನಿಧಾನವಾಗಿ ಹತ್ತುವಾಗ ಟಾರ್ಕ್ ಕನ್ವರ್ಟರು ಲಾಕ್ ಆಗದೆ ಜಾರುತ್ತಿರುತ್ತದೆ. ಅಲ್ಲಿ ಹತ್ತರಲ್ಲೊಂದು ಪಾಲು ಶಾಖವಾಗಿ ಹೋಯಿತು ಎಂದರೂ 7.8 ಲಕ್ಷ ಜೌಲ್ ಆಯಿಲಿಗೆ ಸೇರುತ್ತದೆ. ಎಂಟು ಲೀಟರ್ ಎಟಿಎಫ್‌ನ ಉಷ್ಣತೆ ಒಂದು ಡಿಗ್ರಿ ಏರಲು ಬೇಕಾದದ್ದು 13,000 ಜೌಲ್‌ಗಿಂತ ತುಸು ಹೆಚ್ಚು. ಕೂಲರ್ ಇಲ್ಲವೇ ಇಲ್ಲ ಎಂದುಕೊಂಡರೆ ಒಂದೇ ಘಾಟಿಯಲ್ಲಿ ಆಯಿಲು ಐವತ್ತು ಡಿಗ್ರಿಗಿಂತ ಹೆಚ್ಚು ಕಾಯುತ್ತದೆ ಎಂದಾಯಿತು. 80 ಡಿಗ್ರಿಯಲ್ಲಿ ಶುರುವಾದದ್ದು 130 ದಾಟುತ್ತದೆ, ಎಟಿಎಫ್ ಕರಕಾಗಿ ರಬ್ಬರ್ ಸೀಲುಗಳು ಗಡುಸಾಗುವ ವಲಯ ಅದು. ಇದು ಸ್ಥೂಲ ಲೆಕ್ಕ, ನಿಜದಲ್ಲಿ ಕೂಲರ್ ಈ ಶಾಖದ ಬಹುಪಾಲನ್ನು ಹೊರಹಾಕುತ್ತದೆ. ಆದರೆ ಲೆಕ್ಕ ತೋರಿಸುವುದೂ ಅದನ್ನೇ: ಗಾಡಿಯನ್ನು ಉಳಿಸುತ್ತಿರುವುದು ಡಬ್ಬಿಯ ಮೇಲಿನ ಹೆಸರಲ್ಲ, ಕೂಲರ್. ಸುಮಾರು 10 ಡಿಗ್ರಿ ಏರಿದಂತೆಲ್ಲ ಆಯಿಲ್ ಹಾಳಾಗುವ ವೇಗ ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. 90ರ ಬದಲು 110 ಡಿಗ್ರಿಯಲ್ಲಿ ಓಡುವ ಆಯಿಲಿನ ಆಯುಷ್ಯ ಕಾಲುಭಾಗಕ್ಕೆ ಇಳಿಯುತ್ತದೆ. ಒಳ್ಳೆಯ ಸಿಂಥೆಟಿಕ್ ಆಯಿಲ್ ಈ ಇಳಿತವನ್ನು ತಡೆದುಕೊಳ್ಳುತ್ತದೆ ನಿಜ, ಆದರೆ ಇಪ್ಪತ್ತು ಡಿಗ್ರಿ ತಣ್ಣಗಿಡುವ ಕೂಲರ್ ಕೊಡುವ ಲಾಭ ನಾಲ್ಕು ಪಟ್ಟು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಆಯಿಲ್ ಕಾದರೆ ತೆಳುವಾಗುತ್ತದೆ, ತೆಳುವಾದರೆ ಪಂಪಿನಲ್ಲೂ ಸೀಲಿನಲ್ಲೂ ಸೋರಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪ್ಲೇಟು ಜಾರುತ್ತದೆ. ಆದ್ದರಿಂದ ದಪ್ಪ ಆಯಿಲೇ ಸರಿ ಎಂಬುದು. ಈ ತರ್ಕದಲ್ಲಿ ಹುರುಳಿದೆ. ಗಂಟೆಗಟ್ಟಲೆ ಪೂರ್ಣ ವೇಗದಲ್ಲಿ ಓಡುವ ರೇಸಿನ ಗಾಡಿಗೆ, ಪೆಟ್ಟಿಗೆ ಕಟ್ಟಿದವರೇ ಹೇಳಿದ್ದರೆ, ತುಸು ದಪ್ಪನೆಯದು ಸರಿಯಾದೀತು. ಆದರೆ ಕಾರು ತಯಾರಕರು ನಡೆದ ದಿಕ್ಕು ತದ್ವಿರುದ್ಧ. ಹಳೆಯ ಡೆಕ್ಸ್‌ರಾನ್-3 ಹೊಸತಿದ್ದಾಗ 100 ಡಿಗ್ರಿಯಲ್ಲಿ ಏಳು ಸೆಂಟಿಸ್ಟೋಕ್ಸಿಗೂ (ಆಯಿಲಿನ ದಪ್ಪದ ಅಳತೆ) ಮೇಲಿದ್ದು, ಬಳಸುತ್ತಾ ಹೋದಂತೆ ಅದರೊಳಗಿನ ಪಾಲಿಮರು ತುಂಡಾಗಿ ತೆಳ್ಳಗಾಗುತ್ತಿತ್ತು. 2005ರಲ್ಲಿ ಬಂದ ಡೆಕ್ಸ್‌ರಾನ್-6 ಹೊಸತಿದ್ದಾಗಲೇ 6.4 ಸೆಂಟಿಸ್ಟೋಕ್ಸ್ ಮೀರಬಾರದು, ಆದರೆ ಆ ದಪ್ಪವನ್ನು ಕೊನೆಯವರೆಗೂ ಹೆಚ್ಚುಕಡಿಮೆ ಉಳಿಸಿಕೊಳ್ಳಬೇಕು. ಮುಖ್ಯವಾದದ್ದು ಮೊದಲ ದಿನದ ದಪ್ಪವಲ್ಲ, ಬದಲಿಸುವ ದಿನದ ದಪ್ಪ. ವಾಲ್ವ್ ಬಾಡಿಯ ಕೂದಲೆಳೆ ಅಗಲದ ದಾರಿಗಳೂ ಸೊಲೆನಾಯ್ಡುಗಳೂ ತೆಳು ಆಯಿಲಿಗೆಂದೇ ಅಳೆದು ಮಾಡಿದವು. ದಪ್ಪನೆಯದನ್ನು ಸುರಿದರೆ ಬೆಳಗಿನ ಹೊತ್ತು ಗೇರು ತಡವಾಗಿ ಬೀಳುತ್ತದೆ, ತಡವಾದಷ್ಟೂ ಹೊತ್ತು ಪ್ಲೇಟು ಜಾರುತ್ತದೆ. ಜಾರುವುದನ್ನು ತಪ್ಪಿಸಲು ತಂದ ಮದ್ದೇ ಜಾರಿಸುತ್ತದೆ.

ಎರಡನೆಯ ಆಕ್ಷೇಪ ಹಣದ್ದು, ಹಾಗೂ ದೊರಕುವಿಕೆಯದ್ದು. ಕಂಪನಿ ಹೇಳಿದ ಆಯಿಲಿಗಾಗಿ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೇಳಿ ಕಳಿಸಿ ಕಾಯುವ ಬದಲು, ‘ಎಲ್ಲ ಗಾಡಿಗೂ ಹೊಂದುತ್ತದೆ’ ಎನ್ನುವ ಡಬ್ಬಿ ಸಾಲದೇ? ಹಳೆಯ, ಶಕ್ತಿ ಏರಿಸದ, ನಾಲ್ಕು ಗೇರಿನ ಪೆಟ್ಟಿಗೆಗೆ ಸಾಲಬಹುದು. ಅಂಥ ಪೆಟ್ಟಿಗೆ ಸ್ವಲ್ಪ ಹೆಚ್ಚುಕಡಿಮೆಯನ್ನು ಸಹಿಸಿಕೊಳ್ಳುತ್ತದೆ. ಶಕ್ತಿ ಏರಿಸಿದ ಗಾಡಿ ಆ ಸಹನೆಯನ್ನು ಈಗಾಗಲೇ ಖರ್ಚು ಮಾಡಿಕೊಂಡಿರುತ್ತದೆ. ಡಬ್ಬಿಯ ಮಾತಿನಲ್ಲೂ ಎರಡು ಬಗೆಯಿದೆ: ಗೇರ್‌ಬಾಕ್ಸ್ ತಯಾರಕರು ಪರೀಕ್ಷಿಸಿ ಅನುಮೋದಿಸಿದ್ದಾರೆ ಎಂಬುದು ಒಂದು, ಆಯಿಲ್ ಕಂಪನಿ ತಾನೇ ‘ಬಳಕೆಗೆ ತಕ್ಕುದು’ ಎನ್ನುವುದು ಇನ್ನೊಂದು. ಜನರಲ್ ಮೋಟಾರ್ಸ್ 2006ರ ಕೊನೆಗೆ ಡೆಕ್ಸ್‌ರಾನ್-3ರ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಆದರೂ ಆ ಹೆಸರಿನ ಡಬ್ಬಿಗಳು ಇಂದಿಗೂ ಅಂಗಡಿಗಳಲ್ಲಿವೆ, ಅವುಗಳ ಹಿಂದೆ ಈಗಿರುವುದು ಮಾರುವವರ ಮಾತು ಮಾತ್ರ. ಟೊಯೋಟಾ ಪೆಟ್ಟಿಗೆಗೆ ಡಬ್ಲ್ಯೂಎಸ್, ಝಡ್‌ಎಫ್ ಎಂಬ ಗೇರ್‌ಬಾಕ್ಸ್ ಕಂಪನಿಯ ಪೆಟ್ಟಿಗೆಗೆ ಲೈಫ್‌ಗಾರ್ಡ್ ಅಥವಾ ಅದಕ್ಕೆ ಅನುಮೋದನೆ ಪಡೆದದ್ದು, ಹೀಗೆ ಹೆಸರಿಗೆ ಹೆಸರು ಕೂಡಬೇಕು. ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚಿನ ಮುಂದೆ ಎಂಟು ಲೀಟರ್ ಆಯಿಲಿನ ಬೆಲೆ ವ್ಯತ್ಯಾಸ ಸಣ್ಣದು.

ಮೂರನೆಯ ಆಕ್ಷೇಪ ಇನ್ನೂ ಬಲವಾದದ್ದು, ಏಕೆಂದರೆ ಅದು ಕಂಪನಿಯ ಬಾಯಿಂದಲೇ ಬಂದಿದೆ: ಪೆಟ್ಟಿಗೆ ಸೀಲ್ ಆಗಿದೆ, ಆಯಿಲ್ ಅದರ ಜೀವಮಾನಕ್ಕೆ ಸಾಕು, ಬದಲಿಸಬೇಕಿಲ್ಲ. ಕೆಲವು ಕಾರು ಕಂಪನಿಗಳು ಹೀಗೆನ್ನುವ ಪೆಟ್ಟಿಗೆಗಳನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಮಾರಿದವರಿಗೂ ಮಾಡಿದವರಿಗೂ ಭೇದ ಬಂದಾಗ ಮಾಡಿದವರ ಮಾತನ್ನೇ ನಂಬುವುದು ಲೇಸು. ಇದರ ಬೆನ್ನಿಗೇ ಇನ್ನೊಂದು ಮಾತಿದೆ: ಹಳೆಯ ಆಯಿಲ್ ತೆಗೆದು ಹೊಸತು ಹಾಕಿದ ಮೇಲೆಯೇ ಪೆಟ್ಟಿಗೆ ಕೆಟ್ಟಿತು ಎಂಬುದು. ಇದು ಪೂರ್ತಿ ಸುಳ್ಳಲ್ಲ. ಸವೆದು ನುಣುಪಾದ ಪ್ಲೇಟುಗಳು ಆಯಿಲಿನಲ್ಲಿ ತೇಲುವ ಪುಡಿಯ ಆಸರೆಯಲ್ಲೇ ಹಿಡಿಯುತ್ತಿರುವ ಪೆಟ್ಟಿಗೆಗೆ ಹೊಸ ಆಯಿಲ್ ಕೊನೆಯ ಪೆಟ್ಟಾಗಬಹುದು. ಒತ್ತಡದ ಯಂತ್ರದಿಂದ ತೊಳೆದರೆ ಕೂತಿದ್ದ ಕೊಳೆ ಎದ್ದು ವಾಲ್ವಿಗೆ ಸಿಕ್ಕಿಕೊಳ್ಳಬಹುದು. ಆದರೆ ಇದು ತಡವಾಗಿ ಬದಲಿಸುವುದರ ವಿರುದ್ಧದ ವಾದ, ಬದಲಿಸುವುದರ ವಿರುದ್ಧದ್ದಲ್ಲ. ಪೆಟ್ಟಿಗೆ ಇನ್ನೂ ಗಟ್ಟಿಯಿದ್ದಾಗಲೇ ಹಂತಹಂತವಾಗಿ ಇಳಿಸಿ ತುಂಬುವುದು ಸುರಕ್ಷಿತ ದಾರಿ. ಪ್ಲಗ್ ಬಿಚ್ಚಿದರೆ ಟಾರ್ಕ್ ಕನ್ವರ್ಟರಿನೊಳಗಿನದು ಬರುವುದಿಲ್ಲ, ಒಮ್ಮೆಗೆ ಇಳಿಯುವುದು ಸುಮಾರು ಶೇ 40 ಎಂದಿಟ್ಟುಕೊಳ್ಳಿ. ಮೂರು ಸಲ ಮಾಡಿದರೆ ಹಳೆಯದು ಶೇ 22ರಷ್ಟು ಮಾತ್ರ ಉಳಿಯುತ್ತದೆ. ಮಟ್ಟ ನೋಡುವುದನ್ನು ಕಂಪನಿ ಹೇಳಿದ ಉಷ್ಣತೆಯಲ್ಲೇ ಮಾಡಬೇಕು. ಹಲವು ಪೆಟ್ಟಿಗೆಗಳಲ್ಲಿ ಅದು 40 ಡಿಗ್ರಿಯ ಆಸುಪಾಸು. ಕಾದ ಆಯಿಲ್ ಉಬ್ಬಿರುತ್ತದೆ, ಆಗ ನೋಡಿ ಸರಿಯೆಂದರೆ ತಣ್ಣಗಾದಾಗ ಕೊರತೆ ಬೀಳುತ್ತದೆ.

ಈ ಸೀಮೆಯಲ್ಲಿ ಇನ್ನೊಂದು ಶತ್ರು ನೀರು. ಮಳೆಗಾಲದಲ್ಲಿ ವರದಾ, ದಂಡಾವತಿ ತುಂಬಿ ತಗ್ಗಿನ ರಸ್ತೆಗಳ ಮೇಲೆ ಹರಿಯುವಾಗ, ಕಾದ ಗೇರ್‌ಬಾಕ್ಸು ಒಮ್ಮೆಲೇ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಕೊಳವೆಯಿಂದಲೋ ಹಳೆಯ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಕೇಜ್‌ವೀಲ್ ಹಾಕಿ ಗದ್ದೆ ಕೆಸರು ಮಾಡುವ ಟ್ರ್ಯಾಕ್ಟರಿನಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ, ಆಯಿಲ್ ಬೆಳ್ಳಗಾಗಿ ನೊರೆ ಬಂದದ್ದೇ ಅದರ ಗುರುತು. ಆಟೋಮ್ಯಾಟಿಕ್ಕಿನ ಪ್ಲೇಟಿನ ಮೈ ಕಾಗದದ ಜಾತಿಯದು, ಅಂಟಿನಿಂದ ಉಕ್ಕಿಗೆ ಹಚ್ಚಿದ್ದು. ನೀರು ಆ ಅಂಟನ್ನೇ ಬಿಡಿಸುತ್ತದೆ. ನೀರು ಹೊಕ್ಕ ಆಯಿಲಿಗೆ ಕಿ.ಮೀ. ಲೆಕ್ಕವಿಲ್ಲ, ಆ ದಿನವೇ ಅದು ಮುಗಿದಂತೆ. ಅತ್ಯುತ್ತಮ ಸಿಂಥೆಟಿಕ್ಕೂ ಇಲ್ಲಿ ಸೋಲುತ್ತದೆ.

ಹಾಗಾದರೆ ಶಕ್ತಿ ಏರಿಸಿದ ಗಾಡಿಯವರು ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕು? ಮೊದಲು ಪೆಟ್ಟಿಗೆಯ ಟಾರ್ಕ್ ಮಿತಿ ತಿಳಿದುಕೊಳ್ಳುವುದು, ಇದಕ್ಕೆ ಖರ್ಚೇ ಇಲ್ಲ. 2021ರಿಂದ ಫಾರ್ಚುನರ್ ಡೀಸೆಲ್‌ನಲ್ಲಿ ಆಟೋಮ್ಯಾಟಿಕ್ಕಿಗೇ 500, ಮ್ಯಾನ್ಯುವಲ್ಲಿಗೆ 420 ನ್ಯೂಟನ್ ಮೀಟರ್. ಆಕ್ಟೇವಿಯಾದಲ್ಲಿ ಇದಕ್ಕೆ ತಿರುವುಮುರುವು. ಆಟೋಮ್ಯಾಟಿಕ್ ಎಂದೊಡನೆ ದುರ್ಬಲವೆಂದೋ ಬಲಿಷ್ಠವೆಂದೋ ಊಹಿಸಲು ಬರುವುದಿಲ್ಲ. ಆ ಮಿತಿ ದಾಟುವುದಾದರೆ ಯಾವ ಆಯಿಲೂ ಕಾಪಾಡದು. ದಾಟದಿದ್ದರೆ ಎರಡನೆಯ ಖರ್ಚು ಗೇರ್‌ಬಾಕ್ಸಿನ ಉಷ್ಣತೆ ಅಳೆಯುವ ಸಾಧನಕ್ಕೆ, ಮೂರನೆಯದು ಅಗತ್ಯ ಕಂಡರೆ ಕೂಲರಿಗೆ. ನಾಲ್ಕನೆಯದು, ಕಂಪನಿ ಹೆಸರಿಸಿದ ಅದೇ ಆಯಿಲನ್ನು ಹೇಳಿದ ಅವಧಿಯ ಅರ್ಧಕ್ಕೆ ಬದಲಿಸುವುದಕ್ಕೆ. ಬೇರೆ ಹಿಡಿತದ ವಿಶೇಷ ಆಯಿಲ್ ಬರುವುದು ಕಟ್ಟಕಡೆಗೆ, ಅದೂ ಪೆಟ್ಟಿಗೆ ಬಿಚ್ಚಿ ಬೇರೆ ಜಾತಿಯ ಪ್ಲೇಟು ಕೂರಿಸಿ, ಆ ಪ್ಲೇಟು ಮಾಡಿದವರೇ ಅದನ್ನು ಹೇಳಿದಾಗ. ಕಾರನ್ನು ಮೂಲ ವಿವರಗಳಿಂದ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡಿಯಿದೆ, ವಾರಂಟಿಯೂ ವಿಮೆಯೂ ಅದರೊಂದಿಗೆ ಸಿಕ್ಕಿಕೊಳ್ಳುತ್ತವೆ ಎಂಬುದನ್ನೂ ಮೊದಲೇ ಯೋಚಿಸಬೇಕು. ಆಯಿಲ್ ಗೇರ್‌ಬಾಕ್ಸಿಗೆ ಸುರಿಯುವ ಪದಾರ್ಥವಲ್ಲ, ಅದರದೇ ಒಂದು ಬಿಡಿಭಾಗ. ಪೆಟ್ಟಿಗೆಯ ಅಳತೆಗೆ ಹೊಂದದ ಪ್ಲೇಟನ್ನು ಹೆಚ್ಚು ಬೆಲೆಯದು ಎಂಬ ಕಾರಣಕ್ಕೆ ಯಾರೂ ಕೂರಿಸುವುದಿಲ್ಲ. ಆಯಿಲಿಗೂ ಅದೇ ನಿಯಮ ಸಲ್ಲುತ್ತದೆ.